ಸೂಜಿ ಹಾಕಿದೆ, ಸಿರಿಂಜ್ ಮಾತ್ರ ಕೆಳಗಿಡಲಿಲ್ಲ

ನಾನು ಅರಿವಳಿಕೆ ಕೊಡುವ ಡಾಕ್ಟರ್. ಥೈರಾಯ್ಡ್ ಗಂಟು ತೆಗೆಯುವ ಕೆಲವು ಆಪರೇಷನ್‌ಗಳಲ್ಲಿ ಅಕ್ಯುಪಂಕ್ಚರ್ ಬಳಸಿದ್ದೇನೆ. "ಬರೀ ಸೂಜಿ ಚುಚ್ಚಿ ಕುತ್ತಿಗೆ ಕೊಯ್ದ್ರಾ?" ಅಂತ ಕೇಳುತ್ತಾರೆ. ಇಲ್ಲಪ್ಪಾ. ಕುತ್ತಿಗೆ ಮರಗಟ್ಟಲು ಲಿಡೊಕೇನ್ ಕೊಟ್ಟೇ ಕೊಡುತ್ತೇನೆ, ಕೈಗೆ ಡ್ರಿಪ್ ಇರುತ್ತದೆ, ಜೋರು ನೋವಿನ ಮದ್ದು ಫೆಂಟನಿಲ್ ಸಿರಿಂಜ್‌ಗೆ ತುಂಬಿ ಪಕ್ಕದಲ್ಲೇ ಇಟ್ಟಿರುತ್ತೇನೆ.

ಅರ್ಧ ಗಂಟೆ ಮೊದಲೇ ಎರಡೂ ಕೈಗೆ ಸೂಜಿ ಹಾಕಿಬಿಡಬೇಕು. ಹೆಬ್ಬೆರಳು, ತೋರುಬೆರಳಿನ ನಡುವಿನ ಮಾಂಸದಲ್ಲಿ ಒಂದು, ಅಕ್ಯುಪಂಕ್ಚರ್‌ನಲ್ಲಿ ಆ ಜಾಗದ ಹೆಸರು ಎಲ್‌ಐ 4. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ ಇನ್ನೊಂದು, ಪಿ 6. ಸೂಜಿ ತಿರುಗಿಸುವಾಗ ಪೇಷೆಂಟ್ "ಕೈ ಭಾರ ಆಯ್ತು, ಜುಮ್ ಅಂತಿದೆ" ಅನ್ನಬೇಕು, ಅಂದ ಮೇಲೇ ವೈರ್ ಸಿಕ್ಕಿಸಿ ಸೆಕೆಂಡಿಗೆ 2 ಸಲ ಮಿಡಿಯುವಷ್ಟು ಸಣ್ಣ ಕರೆಂಟ್ ಬಿಡುತ್ತೇನೆ. ಅವಸರ ಮಾಡಿದರೆ ಆಗಲ್ಲ. ಮೈಯೊಳಗಿಂದ ನೋವು ತಗ್ಗಿಸುವ ಎಂಡಾರ್ಫಿನ್ ಬರಬೇಕು, ಅದಕ್ಕೆ ಟೈಮ್ ಬೇಕು ಅಲ್ವಾ. ಪೇಸ್‌ಮೇಕರ್ ಇದ್ದವರಿಗೆ ಈ ಕರೆಂಟ್ ಬೇಡವೇ ಬೇಡ.

ಮೊದಲ ಕೇಸಿನಲ್ಲಿ ಸೂಜಿಯನ್ನು ಜಾಸ್ತಿ ನಂಬಿ ಲಿಡೊಕೇನ್ ಕಮ್ಮಿ ಕೊಟ್ಟಿದ್ದೆ. ಚರ್ಮ ಕೊಯ್ಯುವಾಗ ಆಕೆ ಆರಾಮಾಗಿಯೇ ಇದ್ದರು. ಸರ್ಜನ್ ಗ್ರಂಥಿ ಹಿಡಿದು ಎಳೆದರು ನೋಡಿ, ಹುಬ್ಬು ಗಂಟಿಕ್ಕಿತು, ನಾಡಿ ಏರಿತು, ಆದರೂ "ಪರವಾಗಿಲ್ಲ ಡಾಕ್ಟ್ರೇ" ಅಂತಲೇ ಅನ್ನುತ್ತಿದ್ದರು. ಆ ಪರವಾಗಿಲ್ಲವನ್ನು ನಾನು ನಂಬಲಿಲ್ಲ. ಸರ್ಜನ್‌ಗೆ ಕೈ ನಿಲ್ಲಿಸಲು ಹೇಳಿ ಫೆಂಟನಿಲ್ ಕೊಟ್ಟೆ, ಲಿಡೊಕೇನ್ ಇನ್ನಷ್ಟು ಹಾಕಿಸಿದೆ. ಎಳೆತದ ನೋವು ಸೂಜಿಗೆ ಬಗ್ಗುವುದಿಲ್ಲ. ಸ್ನಾಯುವನ್ನೂ ಅದು ಸಡಿಲ ಮಾಡಲ್ಲ, ಹಾಗಾಗಿ ಹೊಟ್ಟೆ ಆಪರೇಷನ್‌ಗೆ ಇದನ್ನು ನೆಚ್ಚುವ ಮಾತೇ ಇಲ್ಲ.

ಆಪರೇಷನ್‌ಗೆ ಹೀಗೆ ಸೂಜಿ ಬಳಸುವುದು ಚೀನಾದಲ್ಲಿ 1958ರಲ್ಲಿ ಶುರುವಾಯಿತು. ಹೊರಗೆ ಸುದ್ದಿಯಾಗಿದ್ದು 1971ರಲ್ಲಿ, ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ತೆಗೆದಾಗ. ಸೂಜಿಯಲ್ಲೇ ಆಪರೇಷನ್ ಆಯಿತು ಅಂತ ಇವತ್ತಿಗೂ ಹೇಳುವವರಿದ್ದಾರೆ, ನಾನೂ ಓದುವ ದಿನಗಳಲ್ಲಿ ಹಾಗೇ ನಂಬಿದ್ದೆ. ರೆಸ್ಟನ್ ಅವರೇ ಬರೆದಿರುವುದು ಬೇರೆ: ಆಪರೇಷನ್ ಆಗಿದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್‌ನಲ್ಲಿ, ಸೂಜಿ ಹಾಕಿದ್ದು ಆಮೇಲೆ ಕಾಡಿದ ಹೊಟ್ಟೆ ಉಬ್ಬರಕ್ಕೆ.

ಎಚ್ಚರವಿದ್ದ ಪೇಷೆಂಟ್ ಜೊತೆ ನಡುನಡುವೆ ಮಾತಾಡಿಸಿ, ಧ್ವನಿಯ ನರಕ್ಕೆ ಪೆಟ್ಟಾಗಿಲ್ಲ ಅಂತ ಸರ್ಜನ್ ನೋಡಿಕೊಳ್ಳಬಹುದು, ಅದೊಂದು ಲಾಭ. ಆದರೆ ಅದು ಲಿಡೊಕೇನ್ ಒಂದರಲ್ಲೂ ಸಿಗುತ್ತದೆ, ಸೂಜಿಯ ಖಾತೆಗೆ ಬರೆಯಲಾರೆ. ಎಲ್‌ಐ 4ಕ್ಕೆ ಈಗ ಅಪರೂಪಕ್ಕೆ ಕೈ ಹಾಕುತ್ತೇನೆ. ಪಿ 6 ಮಾತ್ರ ಬಿಟ್ಟಿಲ್ಲ, ಪೂರ್ತಿ ಅರಿವಳಿಕೆ ಕೊಟ್ಟವರಿಗೂ ಹಾಕುತ್ತೇನೆ, ಎದ್ದ ಮೇಲಿನ ವಾಂತಿ ಕಮ್ಮಿಯಾಗಲಿ ಅಂತ.