ಕಾರಿನ ಟೈರಿಗೆ ಪ್ರತ್ಯೇಕ ವಿಮೆ ಬೇಕೇ?

ಬಳಗದ ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಚಿತ್ರದುರ್ಗದಿಂದ ದಾವಣಗೆರೆಗೆ ಮರಳುವಾಗ, ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಸರ್ವಿಸ್ ರಸ್ತೆಯಲ್ಲಿ ನನ್ನ ಕಾರಿನ ಮುಂದಿನ ಎಡ ಚಕ್ರ ಗುಂಡಿಗೆ ಬಡಿಯಿತು. ಮನೆಗೆ ಬಂದು ನೋಡಿದರೆ ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಉಬ್ಬು ಎದ್ದಿತ್ತು. ಒಳಗಿನ ಎಳೆಗಳು ಹರಿದಿವೆ ಎಂಬುದರ ಗುರುತು ಅದು. ಅದಕ್ಕೆ ರಿಪೇರಿಯಿಲ್ಲ, ಟೈರನ್ನೇ ಬದಲಿಸಬೇಕು.

ಸಮಗ್ರ ವಿಮೆ ಇದೆಯಲ್ಲ ಎಂದು ನಾನು ಧೈರ್ಯವಾಗಿದ್ದೆ. ಆದರೆ ಸಾಮಾನ್ಯ ಪಾಲಿಸಿಯಲ್ಲಿ, ಅದೇ ಅಪಘಾತದಲ್ಲಿ ವಾಹನಕ್ಕೂ ಹಾನಿಯಾಗಿದ್ದರೆ ಮಾತ್ರ ಟೈರಿಗೆ ಪರಿಹಾರ ಸಿಗುತ್ತದೆ, ಅದೂ ಬದಲಿಸುವ ವೆಚ್ಚದ ಶೇ. 50ಕ್ಕೆ ಸೀಮಿತವಾಗಿ. ಟೈರಿಗೆ ಮಾತ್ರ ಪೆಟ್ಟಾದರೆ ಖರ್ಚೆಲ್ಲ ನಮ್ಮದೇ. ಈ ಪಾಲಿಸಿಯ ಜೊತೆಗೆ ಹೆಚ್ಚುವರಿ ಹಣ ಕಟ್ಟಿ ಪಡೆಯುವ ಟೈರ್ ಕವರ್, ಅಂದರೆ ಟೈರಿನ ವಿಮಾರಕ್ಷಣೆ, ಸಾಮಾನ್ಯವಾಗಿ ಉಬ್ಬು, ಸೀಳು, ಸಿಡಿತಗಳಿಗೆ ಅನ್ವಯಿಸುತ್ತದೆ. ಪಂಚರ್ ಮತ್ತು ಸಹಜ ಸವೆತ ಅದರಲ್ಲಿ ಸೇರುವುದಿಲ್ಲ. ಟೈರ್ ಸವೆದಂತೆ ಸಿಗುವ ಮೊತ್ತವೂ ಇಳಿಯುವುದರಿಂದ, ಹಳೆಯ ಟೈರುಗಳಿಗೆ ಇದನ್ನು ಕೊಳ್ಳುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಹದಿನೇಳು, ಹದಿನೆಂಟು ಇಂಚಿನ ದುಬಾರಿ ಟೈರುಗಳ ಹೊಸ ಕಾರಿನಲ್ಲಿ ವಾರವಾರವೂ ಹೆದ್ದಾರಿ ಹಿಡಿಯುವವರು ದಯವಿಟ್ಟು ತೆಗೆದುಕೊಳ್ಳಿ. ದಾವಣಗೆರೆಯೊಳಗೇ ಪಿ.ಜೆ. ಬಡಾವಣೆಯಿಂದ ಮಂಡಿಪೇಟೆಗೆ ಹೋಗಿಬರುವ ಸಣ್ಣ ಕಾರಿಗೆ ಇದು ಬೇಕಿಲ್ಲ. ಕವರ್ ಇದ್ದವರು, ಟೈರ್ ಬಿಚ್ಚಿಸುವ ಮೊದಲೇ ಹಾನಿಯ ಫೋಟೋ ತೆಗೆದು ಕಂಪನಿಗೆ ತಿಳಿಸಿ, ಅವರು ಪರಿಶೀಲಿಸುವ ತನಕ ಹಳೆಯ ಟೈರನ್ನು ಅಂಗಡಿಯವರಿಗೆ ಕೊಟ್ಟುಬಿಡಬೇಡಿ.