ಗುಳೆ ಹೋಗುವ ಮನೆಗಳ ಮಕ್ಕಳ ಮೇಲೆ ಪಿಎಚ್.ಡಿ.: ನನ್ನ ಅನುಭವ

ವಿಜಯಪುರ ಜಿಲ್ಲೆಯ ತಾಂಡಾಗಳಿಂದ (ಲಂಬಾಣಿಗರ ಹಟ್ಟಿಗಳಿಂದ) ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳ ಹದಿಹರೆಯದವರು ನನ್ನ ಪಿಎಚ್.ಡಿ. ವಿಷಯ. ಮೊದಲು ಗಟ್ಟಿ ಮಾಡಿಕೊಂಡದ್ದು ವಯಸ್ಸು. ಬಾಲನ್ಯಾಯ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳು; 2014ರ ರಾಷ್ಟ್ರೀಯ ಯುವ ನೀತಿಗೆ 15ರಿಂದ 29ರವರು ಯುವಜನ. 16ರ ಹುಡುಗಿ ಎರಡೂ ಕಡೆ ಬರುತ್ತಾಳೆ. ನಾನು 14ರಿಂದ 17 ಎಂದು ಗೆರೆ ಎಳೆದೆ. ಶಾಲೆಯ ದಾಖಲಾತಿಯಲ್ಲಿ ಸಾಲುಸಾಲಾಗಿ ಜೂನ್ 1 ಎಂಬ ಜನ್ಮದಿನ ಕಂಡರೆ ನಂಬಬೇಡಿ. ತಾಯಿ ಕಾರ್ಡ್ (ಬಸುರಿ, ಬಾಣಂತಿ, ಮಗುವಿನ ಆರೋಗ್ಯ ದಾಖಲೆ) ಸಿಕ್ಕರೆ ತಾಳೆ ನೋಡಿ, ಸಿಗದಿದ್ದರೆ ‘ಅಂದಾಜು’ ಎಂದೇ ಬರೆದುಕೊಳ್ಳಿ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದಲ್ಲಿ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರು ಇನ್ನೂ 2 ವರ್ಷ ಕೇಳಬಹುದು. ಕೋರ್ಸ್‌ವರ್ಕ್‌ಗೆ (ಸಂಶೋಧನೆಗೆ ಮುಂಚಿನ ಪಾಠಗಳಿಗೆ) ಕನಿಷ್ಠ 12 ಕ್ರೆಡಿಟ್, ಪಾಸಾಗಲು ಶೇ 55. ಇದಿಷ್ಟು ಕಾಗದದ ಲೆಕ್ಕ. ನಿಜವಾದ ಗಡುವು ಸಕ್ಕರೆ ಕಾರ್ಖಾನೆಯದು. ದೀಪಾವಳಿ ಹೊತ್ತಿಗೆ ನುರಿಸುವುದು ಶುರುವಾದರೆ ಸಾಂಗ್ಲಿ, ಕೊಲ್ಹಾಪುರದ ಕಡೆ ಗಾಡಿ ಹೊರಡುತ್ತವೆ. ತಾಂಡಾದಲ್ಲಿ ಉಳಿಯುವವರು ಮುದುಕರು. ಹಾಗಾಗಿ ಮೊದಲ ಸುತ್ತಿನ ಮಾತುಕತೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಎರಡನೆಯದು ಉಗಾದಿ ಕಳೆದ ಮೇಲೆ. ಕೊನೆಗೆ 24 ಮಂದಿ ಬೇಕೆಂದರೆ 32 ಮಂದಿಯಿಂದ ಶುರು ಮಾಡಬೇಕು, ಎಲ್ಲರೂ ತಿರುಗಿ ಸಿಗುವುದಿಲ್ಲ.

ಅನುಮತಿಗೆ ಮೊದಲು ವಿಶ್ವವಿದ್ಯಾಲಯದ ನೈತಿಕ ಸಮಿತಿ, ಆಮೇಲೆ ಡಿಡಿಪಿಐ (ಶಾಲಾ ಶಿಕ್ಷಣ ಉಪನಿರ್ದೇಶಕರು), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಮುಖ್ಯಗುರುಗಳು. ನಿಮ್ಮ ಅಧ್ಯಯನ ಬೆಳಗಾವಿ ಜಿಲ್ಲೆಯಲ್ಲಿದ್ದರೆ, ಅಲ್ಲಿ ಬೆಳಗಾವಿ, ಚಿಕ್ಕೋಡಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಎರಡೂ ಕಡೆಯ ಶಾಲೆ ಬೇಕಿದ್ದರೆ ಪತ್ರವೂ ಎರಡು. ಸಮಿತಿಗೆ ಇಂಗ್ಲಿಷ್ ಪ್ರಶ್ನಾವಳಿ ಒಂದನ್ನೇ ಕೊಟ್ಟರೆ ಕಡತ ವಾಪಸು ಬರುತ್ತದೆ. ಮಕ್ಕಳ ಮುಂದೆ ಓದುವ ಕನ್ನಡ ಪ್ರತಿಯನ್ನೇ ಲಗತ್ತಿಸಿ.

ತಂದೆತಾಯಿಯ ಒಪ್ಪಿಗೆ ಬೇರೆ, ಮಗುವಿನ ಸಮ್ಮತಿ ಬೇರೆ. ಹೆಬ್ಬೆಟ್ಟು ಒತ್ತುವವರಿಗೆ ಪತ್ರ ಓದಿ ಹೇಳಿ, ಮನೆಯವರಲ್ಲದ ಒಬ್ಬರ ಸಾಕ್ಷಿ ಸಹಿ ಹಾಕಿಸಬೇಕು. ಕಷ್ಟವಿರುವುದು ಮಗುವಿನ ಕಡೆ. ಮಾಸ್ತರರು ಕೋಣೆಯಲ್ಲಿದ್ದರೆ ಪ್ರತಿ ಪ್ರಶ್ನೆಗೂ ‘ಹೂಂರಿ’ ಎಂಬ ಉತ್ತರವೇ ಬರುತ್ತದೆ, ಅದು ಸಮ್ಮತಿಯಲ್ಲ. ನಾನು ಅಂಗಳದ ಬೇವಿನ ಗಿಡದ ಕೆಳಗೆ, ಎಲ್ಲರಿಗೂ ಕಾಣುವಂತೆ ಆದರೆ ಮಾತು ಕೇಳಿಸದಷ್ಟು ದೂರ ಕೂರಿಸುತ್ತಿದ್ದೆ. ಮೊದಲಿಗೆ ‘ಇಲ್ಲ’ ಅನ್ನುವ ತಾಲೀಮು. ‘ಈ ಚಪ್ಪಲಿ ಎಷ್ಟಕ್ಕ ತಂದೀ? ಹೇಳೂದಿಲ್ಲ ಅನ್ನು ನೋಡೂಣು’ ಎಂದರೆ ನಗುತ್ತಾರೆ, ನಾಚುತ್ತಾರೆ, ಮೂರನೇ ಸಲಕ್ಕೆ ‘ಹೇಳೂದಿಲ್ರಿ’ ಅನ್ನುತ್ತಾರೆ. ಅದು ಬಾಯಿಗೆ ಬಂದ ಮೇಲೆಯೇ ರೆಕಾರ್ಡರ್ ಹಚ್ಚಬೇಕು.

‘ಯಾರ ಮುಂದೂ ಹೇಳೂದಿಲ್ಲ’ ಎಂದು ಮಾತು ಕೊಡುವುದು ಹೊಸಬರ ದೊಡ್ಡ ತಪ್ಪು. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯಂತೆ ವರದಿ ಮಾಡಲೇಬೇಕು, ಮುಚ್ಚಿಡುವುದು ಅಪರಾಧ. ಈ ಮಿತಿಯನ್ನು ಸಮ್ಮತಿ ಪತ್ರದಲ್ಲೇ ಬರೆದು, ಮಕ್ಕಳ ಸಹಾಯವಾಣಿ 1098 ಸಂಖ್ಯೆ ಇರುವ ಚೀಟಿಯನ್ನು ಎಲ್ಲ ಮಕ್ಕಳಿಗೂ ಕೊಡಿ. ಒಬ್ಬರಿಗಷ್ಟೇ ಕೊಟ್ಟರೆ ಊರೆಲ್ಲ ಅವರತ್ತ ನೋಡುತ್ತದೆ.

ಆತಂಕದಂಥದ್ದನ್ನು ಅಳೆಯುವ ಇಂಗ್ಲಿಷ್ ಪ್ರಶ್ನೆಗಳನ್ನು ಒಬ್ಬರು ಕನ್ನಡಕ್ಕೆ ತಂದರೆ, ಮೂಲ ನೋಡದ ಇನ್ನೊಬ್ಬರಿಂದ ಅದನ್ನು ಇಂಗ್ಲಿಷಿಗೆ ಮರಳಿ ಮಾಡಿಸಿ. ಎಲ್ಲಿ ಜಾರಿದೆ ಎಂಬುದು ಅಲ್ಲೇ ಸಿಗುತ್ತದೆ. ‘ಆತಂಕವಾಗುತ್ತದೆಯೇ?’ ಎಂದರೆ ಮೌನ. ‘ಎದಿ ಡವಡವ ಅಂತೈತೇನು?’ ಎಂದರೆ ಉತ್ತರ. ಮನೆಯಲ್ಲಿ ಲಂಬಾಣಿ ಆಡುವ ಮಕ್ಕಳಿಗೆ ಸಹಾಯಕರು ಬೇರೆ ತಾಂಡಾದವರಿರಲಿ. ಅದೇ ತಾಂಡಾದವರಾದರೆ ಒಂದಿಲ್ಲೊಂದು ನಂಟಿರುತ್ತದೆ, ಮಗು ಬಾಯಿ ಬಿಡುವುದಿಲ್ಲ.

ಒಂದು ಗಂಟೆಯ ಧ್ವನಿ ಅಕ್ಷರಕ್ಕಿಳಿಸಲು ನನಗೆ ಏಳು ಗಂಟೆ ಹಿಡಿಯುತ್ತಿತ್ತು. ಅಂದಂದೇ ಮಾಡದಿದ್ದರೆ ಯಾವ ಮಾತಿಗೆ ತಲೆ ತಗ್ಗಿಸಿದ್ದರು ಎಂಬುದು ಮರೆತುಹೋಗುತ್ತದೆ. ಪ್ರಬಂಧದಲ್ಲಿ ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ‘ತಾಂಡಾದಿಂದ ಪಿಯುಸಿಗೆ ಹೋಗುವ ಒಬ್ಬಳೇ ಹುಡುಗಿ’ ಎಂದು ಬರೆದರೆ ಊರವರಿಗೆ ಹೆಸರು ಬೇಕಿಲ್ಲ. ನಾನು ಆ ಸಾಲು ತೆಗೆದು ‘ಕಾಲೇಜಿಗೆ ಹೋಗುವ ಒಬ್ಬರು’ ಎಂದಷ್ಟೇ ಉಳಿಸಿದೆ, ತಾಲ್ಲೂಕಿನ ಹೆಸರನ್ನೂ ಕೈಬಿಟ್ಟೆ.