ಮೊಣಕಾಲು ಆಪರೇಷನ್ ಅಂದಾಗ: ಪಾರ್ಷಿಯಲ್ಲೋ ಟೋಟಲ್ಲೋ, ರಿಸಲ್ಟ್ ಹೆಂಗ ನೋಡ್ಬೇಕು

ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತದ ಗದ್ಯಾಗ ಬಗ್ಗಿ ನಾಟಿ ಮಾಡಿದ ಹೆಣ್ಮಕ್ಕಳಿಗೆ ವಯಸ್ಸಾಗೋದ್ರಾಗ ಮೊಣಕಾಲು ಹಿಡ್ಕೊಳ್ಳೋದು ಹೊಸದೇನಲ್ಲ, ಆದ್ರ ಡಾಕ್ಟ್ರು "ಆಪರೇಷನ್ ಮಾಡ್ಸ್ರಿ" ಅಂದ ಕೂಡ್ಲೇ ಮನ್ಯಾಗ ಎಲ್ಲಾರೂ ಕೇಳೋದು ಒಂದ, ಸಕ್ಸಸ್ ಆಗ್ತೈತೇನು ಅಂತ. ಹಂಗ ಕೇಳಿದ್ರ ಯಾರ ಕಡೆಯಿಂದನೂ ನೆಟ್ಟಗ ಉತ್ತರ ಸಿಗಲ್ಲ. ನೋವು ಹೋಗೋದು ಬ್ಯಾರೆ, ನಮಗ ಬೇಕಾದ ಕೆಲಸ ಮಾಡಾಕ ಬರೋದು ಬ್ಯಾರೆ, ಹಾಕಿದ ಜಾಯಿಂಟ್ ಎಷ್ಟು ವರ್ಷ ಬಾಳ್ತೈತಿ ಅನ್ನೋದು ಬ್ಯಾರೆ. ಈ ಮೂರನ್ನೂ ಬಿಡಿಬಿಡಿಯಾಗಿ ಕೇಳ್ರಿ.

ಮೊದ್ಲ ನೋವು ಎಲ್ಲೈತಿ ಅನ್ನೋದು ಗಟ್ಟಿ ಮಾಡ್ಕೊಳ್ರಿ. ಮೊಣಕಾಲಿನ್ಯಾಗ ಮೂರು ಭಾಗ ಅದಾವ, ಒಳಮಗ್ಗಲು, ಹೊರಮಗ್ಗಲು, ಚಿಪ್ಪಿನ ಹಿಂದ. ಪಾರ್ಷಿಯಲ್ ಅಂದ್ರ ಸವೆದಿರೋ ಒಂದ ಭಾಗಕ್ಕ ಲೋಹ ಮತ್ತ ಪ್ಲಾಸ್ಟಿಕ್ ಕೂಡ್ಸೋದು, ಉಳಿದ ಎಲುಬು, ಎಲುಬಿಗೆ ಎಲುಬು ಕಟ್ಟಿ ಹಿಡಿಯೋ ಒಳಗಿನ ಲಿಗಮೆಂಟ್ ಎಲ್ಲಾ ನಿಮ್ವ ಉಳೀತಾವ. ಟೋಟಲ್ ಅಂದ್ರ ತೊಡಿ ಎಲುಬಿನ ತುದಿ, ಕೆಳಗಾಲಿನ ಎಲುಬಿನ ತಲೆ ಎರಡರ ಸವೆದ ಮೇಲ್ಮೈನೂ ಪೂರ್ತಿ ಬದಲಿ. ನಮ್ಮ ದೊಡ್ಡವ್ವನ್ನ ಕರ್ಕೊಂಡು ಹೋದಾಗ ಡಾಕ್ಟ್ರು "ಒಂದ ಬೆರಳಿಲೆ ತೋರ್ಸವ್ವಾ, ಎಲ್ಲಿ ನೋವು" ಅಂದ್ರು, ಆಕಿ ತೋರುಬೆರಳು ಸೀದಾ ಒಳಮಗ್ಗಲ ಸಂದಿಗೆ ಇಟ್ಲು. ಬಾಜೂಕ ಕುಂತಿದ್ದ ಅಜ್ಜಾರಿಗೂ ಅದನ್ನ ಕೇಳಿದ್ರು, ಅವ್ರು ಇಡೀ ಅಂಗೈ ಮೊಣಕಾಲು ಸುತ್ತ ಆಡ್ಸಿದ್ರು. ದೊಡ್ಡವ್ವಗ ಪಾರ್ಷಿಯಲ್ ಆತು, ಅಜ್ಜಾರಿಗೆ ಟೋಟಲ್ ಅಂತ ಹೇಳಿದ್ರು. ಪಾರ್ಷಿಯಲ್‌ಗೆ ಬೆರಳೊಂದ ಸಾಲಲ್ಲ, ಮೊಣಕಾಲಿನ ನಡುವಿರೋ ಎಸಿಎಲ್ ಲಿಗಮೆಂಟ್ ಗಟ್ಟಿ ಇರ್ಬೇಕು, ಕಾಲು ಹೆಚ್ಚು ಕಡಿಮಿ ಸೀದಾ ಆಗ್ಬೇಕು, 90 ಡಿಗ್ರಿ ದಾಟಿ ಮಡಚಬೇಕು, ರುಮಟಾಯ್ಡ್ ಸಂಧಿವಾತ ಇರಬಾರ್ದು. ಇನ್ನೊಂದು, ಎಕ್ಸ್‌ರೇ ನಿಂತ್ಕೊಂಡ ತೆಗಿಸ್ರಿ. ಮಲಗಿ ತೆಗೆದ್ರ ಭಾರ ಬೀಳಲ್ಲ, ಸಂದಿ ಎಷ್ಟು ಸವೆದೈತಿ ಅನ್ನೋದು ಮುಚ್ಚಿಹೋಗ್ತೈತಿ, ಮಲಗಿದ ಎಕ್ಸ್‌ರೇ ಮ್ಯಾಲ ಆಪರೇಷನ್ ನಿರ್ಧಾರ ಮಾಡೋದು ನನಗಂತೂ ಒಪ್ಪಲ್ಲ.

ಈಗ ರಿಸಲ್ಟ್ ಮಾತು. ಇಂಗ್ಲೆಂಡ್ ಕಡೆ 528 ಮಂದಿನ ಎರಡು ಗುಂಪು ಮಾಡಿ 5 ವರ್ಷ ನೋಡಿದ ಟಾಪ್‌ಕ್ಯಾಟ್ ಅನ್ನೋ ಸ್ಟಡಿ 2019ರಾಗ ಬಂತು, ನೋವು ಮತ್ತ ಓಡಾಟದ ಲೆಕ್ಕದಾಗ ಪಾರ್ಷಿಯಲ್, ಟೋಟಲ್ ಎರಡೂ ಹತ್ತಿರಹತ್ತಿರ ಸಮ, ಖರ್ಚಿನ್ಯಾಗ ಪಾರ್ಷಿಯಲ್ ಕಡಿಮಿ. ಪಾರ್ಷಿಯಲ್ ಆದವ್ರು ಲಗೂ ಎದ್ದು ಓಡಾಡ್ತಾರ, ಮೊಣಕಾಲು ತಮ್ದ ಅನ್ನಿಸ್ತೈತಿ ಅಂತಾರ. ಆದ್ರ ಬಾಳಿಕೆಯೊಳಗ ಟೋಟಲ್ ಮುಂದ. ಅದ 2019ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕ್ಯಾಗ ಬಂದ ಇನ್ನೊಂದು ಲೆಕ್ಕದ ಪ್ರಕಾರ 25 ವರ್ಷಕ್ಕ ಟೋಟಲ್ ಸುಮಾರು 82 ಪರ್ಸೆಂಟ್ ಉಳೀತಾವ, ಪಾರ್ಷಿಯಲ್ ಸುಮಾರು 70. ಕಾರಣ ಏನಂದ್ರ ಬಿಟ್ಟಿರೋ ಭಾಗ ಮುಂದ ಸವೀಬಹುದು, ಮತ್ತ ಪಾರ್ಷಿಯಲ್‌ನ ಟೋಟಲ್‌ಗೆ ಬದಲಾಯ್ಸೋದು ಸಲೀಸು ಅಂತ ಡಾಕ್ಟ್ರುನೂ ಲಗೂ ಕೈ ಹಾಕ್ತಾರ. ಟೋಟಲ್ ಆದವ್ರಾಗೂ ಐದು ಮಂದ್ಯಾಗ ಒಬ್ರಿಗೆ ಪೂರ್ತಿ ಸಮಾಧಾನ ಇರಲ್ಲ, ಇದನ್ನ ಮನಿಯವ್ರಿಗೆ ಮೊದ್ಲ ಹೇಳಿಬಿಡ್ರಿ, ಇಲ್ಲಂದ್ರ ಪೇಷಂಟ್‌ನ "ನೀ ನಾಟಕ ಮಾಡ್ತಿ" ಅಂತ ಬೈಯೋದು ನಡೀತೈತಿ, ನೋಡಾಕ ಆಗಲ್ಲ ಅದು.

ಡಾಕ್ಟ್ರಿಗೆ "ವರ್ಷಕ್ಕ ಎಷ್ಟು ಪಾರ್ಷಿಯಲ್ ಮಾಡ್ತೀರಿ ಸಾರ್" ಅಂತ ಕೇಳಾಕ ಹೆದರಬ್ಯಾಡ್ರಿ. ಇದ್ರಾಗ ಕೈ ಪಳಗಿದವ್ರ ರಿಸಲ್ಟ್ ಚಲೋ, ಅಪರೂಪಕ್ಕ ಮಾಡೋರ ಕೈಯಾಗ ಮತ್ತ ಆಪರೇಷನ್ ಆಗೋದು ಜಾಸ್ತಿ.

ವಯಸ್ಸು ಐವತ್ತರ ಆಸುಪಾಸು, ಇನ್ನೂ ಹೊಲದಾಗ ದುಡಿಬೇಕು, ಕಾಲು ಹೊರಗ ಬಾಗೈತಿ ಅಂದ್ರ ಎಚ್‌ಟಿಒ ಬಗ್ಗೆ ಕೇಳ್ರಿ, ಕೆಳಗಾಲಿನ ಎಲುಬು ಕೊಯ್ದು ನೆಟ್ಟಗ ಮಾಡಿ ಪ್ಲೇಟ್ ಹಾಕೋದು. ಅಲೈನ್‌ಮೆಂಟ್ ತಪ್ಪಿದ ಗಾಡಿ ಟೈರ್ ಒಂದ ಬದಿ ಸವೀತೈತಲ್ಲ, ಇದೂ ಹಂಗ, ಭಾರನ್ನ ಸವೆದ ಕಡಿಯಿಂದ ಸರಸ್ತಾರ. ಎಲುಬು ಕೂಡಾಕ ತಿಂಗಳಾನುಗಟ್ಟಲೆ ಬೇಕು, ಆದ್ರ ಕೀಲು ನಿಮ್ದ ಇರ್ತೈತಿ, ಭಾರದ ಕೆಲಸಕ್ಕ ಬದಲಿ ಜಾಯಿಂಟ್‌ಗಿಂತ ಅದ ಮೇಲು. ಇನ್ನ "ದುರ್ಬೀನು ಹಾಕಿ ತೊಳೆದು ಕ್ಲೀನ್ ಮಾಡ್ತೀವಿ" ಅಂದ್ರ, ಸವೆತದ ನೋವಿಗೆ ಬ್ಯಾಡ ಅನ್ರಿ. 2002ರಾಗ ಬಂದ ಅಮೆರಿಕದ ಒಂದು ಸ್ಟಡಿಯೊಳಗ ಕೆಲವ್ರಿಗೆ ಬರೇ ಚರ್ಮ ಕೊಯ್ದು ಹೊಲಿಗಿ ಹಾಕಿದ್ರು, ಕೆಲವ್ರಿಗೆ ಖರೇನ ತೊಳೆದ್ರು, ನೋವಿನ್ಯಾಗ ಫರಕ್ ಬರ್ಲಿಲ್ಲ. ಕಬಡ್ಡಿ ಆಡಿ ಲಿಗಮೆಂಟ್ ಹರ್ಕೊಂಡ ಹುಡುಗ್ರ ಮಾತು ಬ್ಯಾರೆ, ಅವ್ರಿಗೆ ದುರ್ಬೀನಿನ ಆಪರೇಷನ್ ಬೇಕಾಗಬಹುದು, ಆದ್ರ ಒಂಬತ್ತು ತಿಂಗಳ ಒಳಗ ಮತ್ತ ಅಂಕಣಕ್ಕ ಬಿಡಬ್ಯಾಡ್ರಿ.

ನಮ್ಮ ಕಡೆದ್ದ ಒಂದು ಮಾತು. ಕೊಪ್ಪಳ, ರಾಯಚೂರು ಜಿಲ್ಲೆಯ ಎಷ್ಟೋ ಊರಾಗ ಬೋರ್ ನೀರಿನ್ಯಾಗ ಫ್ಲೋರೈಡ್ ಜಾಸ್ತಿ, ಅದನ್ನ ವರ್ಷಗಟ್ಟಲೆ ಕುಡಿದ್ರ ಎಲುಬು, ಕೀಲು ಬಿಗೀತಾವ. ಕುತ್ತಿಗಿ, ಬೆನ್ನುನೂ ಬಿಗಿದಿದ್ರ ಅದನ್ನ ಡಾಕ್ಟ್ರಿಗೆ ಹೇಳ್ರಿ, ಮೊಣಕಾಲು ಬದಲಿ ಮಾಡಿದ್ರ ಆ ನೋವು ಹೋಗಲ್ಲ.

ಡೇಟ್ ತಗೊಳ್ಳೋ ಮುಂಚೆ ಶುಗರ್ ಹಿಡಿತಕ್ಕ ತರ್ರಿ, ಹುಳುಕು ಹಲ್ಲು, ಉರಿಮೂತ್ರ, ಹಿಮ್ಮಡಿ ಸೀಳಿ ಕೀವು ಇದ್ರ ವಾಸಿ ಮಾಡ್ಕೊಳ್ರಿ, ಬೀಡಿ ಬಿಡ್ರಿ. ಮೊಣಕಾಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕ್ಸಿ ಮೂರು ತಿಂಗಳು ಆಗಿಲ್ಲಂದ್ರ ಬಾಯಿ ಬಿಟ್ಟು ಹೇಳ್ರಿ, ಒಳಗ ಇನ್‌ಫೆಕ್ಷನ್ ಆಗೋ ಅಪಾಯ ಅದ್ರಿಂದ ಹೆಚ್ಚು. ಬಿಪಿಎಲ್ ಕಾರ್ಡ್ ಇದ್ರ ಆಯುಷ್ಮಾನ್ ಆರೋಗ್ಯ ಕರ್ನಾಟಕದಾಗ ಕುಟುಂಬಕ್ಕ ವರ್ಷಕ್ಕ 5 ಲಕ್ಷ ತನಕ ಐತಿ, ರೊಕ್ಕ ಕಟ್ಟೋ ಮೊದ್ಲ ಬಳ್ಳಾರಿ ಮೆಡಿಕಲ್ ಕಾಲೇಜು, ರಾಯಚೂರು ರಿಮ್ಸ್, ಇಲ್ಲಾ ಕೊಪ್ಪಳ ಮೆಡಿಕಲ್ ಕಾಲೇಜಿನ ಎಲುಬು ಕೀಲು ವಿಭಾಗದಾಗ ವಿಚಾರಿಸ್ರಿ. ಪ್ರೈವೇಟ್ ಆದ್ರ ಜಾಯಿಂಟ್ ರೇಟ್ ಬಿಲ್‌ನಾಗ ಬ್ಯಾರೆ ಬರೆಸ್ಕೊಳ್ರಿ, 2017ರಾಗ ಕೇಂದ್ರ ಸರ್ಕಾರ ಅದಕ್ಕ ಬೆಲೆ ಮಿತಿ ಹಾಕೈತಿ.

ಮನಿಗೆ ಬಂದ ಮ್ಯಾಲಿನ ಆರು ವಾರ ಅರ್ಧ ರಿಸಲ್ಟ್ ಅಲ್ಲೇ ಐತಿ. ಮೊಣಕಾಲು ಕೆಳಗ ದಿಂಬು ಇಡಬ್ಯಾಡ್ರಿ, ಹಾಯ್ ಅನ್ನಿಸ್ತೈತಿ ಖರೇ, ಆದ್ರ ಕಾಲು ಮಡಚಿದಂಗ ಉಳ್ಕೊಂಡುಬಿಡ್ತೈತಿ. ದೊಡ್ಡವ್ವ ರಾತ್ರಿ ಸುಮ್ನ ದಿಂಬು ಎಳ್ಕೊಳ್ತಿದ್ಲು, ಸೊಸಿ ತೆಗೆದು ಹಿಮ್ಮಡಿ ಕೆಳಗ ಟವೆಲ್ ಸುತ್ತಿ ಇಡ್ತಿದ್ಲು, "ಮೊಣಕಾಲು ಹಾಸಿಗಿಗೆ ಒತ್ತು ಅತ್ತೀ, ಐದು ಎಣಸು" ಅಂತ ಬಾಜೂಕ ಕುಂದರ್ತಿದ್ಲು. ಎಣ್ಣಿ ಹಚ್ಚಿ ತಿಕ್ಕೋರು, ಎಲೆ ಕಟ್ಟೋರು ಬಂದ್ರ ಕೈ ಮುಗಿದು ವಾಪಸ್ ಕಳಸ್ರಿ. ಬಾವು ತಿಂಗಳಾನುಗಟ್ಟಲೆ ಇರ್ತೈತಿ, ಗಾಯದ ಹೊರಮಗ್ಗಲು ಜೋಮು ಹಿಡಿದಂಗ ಇರ್ತೈತಿ, ಅದಕ್ಕ ಹೆದರಬ್ಯಾಡ್ರಿ. ಪಾಯಖಾನಿಗೆ ಕಮೋಡ್, ಊಟಕ್ಕ ಕುರ್ಚಿ ಮೊದ್ಲ ತಯಾರಿಡ್ರಿ. ನಾಟಿಗೆ, ಕಳೆ ತೆಗ್ಯಾಕ ಕುಕ್ಕರಗಾಲಿಲೆ ಕುಂದ್ರೋದು ಎರಡೂ ತರದ ಬದಲಿಗೂ ಒಳ್ಳೇದಲ್ಲ. ಅಂಜನಾದ್ರಿ ಮೆಟ್ಟಿಲು ಹತ್ತೋ ಆಸೆ ಇದ್ರ ಚೆಕಪ್‌ನಾಗ ಡಾಕ್ಟ್ರನ್ನ ಕೇಳಿ, ಮೊದ್ಲ ಮನಿ ಮೆಟ್ಟಿಲು ಕಟಾಂಜನ ಹಿಡಿದು ಹತ್ತಿ ಇಳಿದು ರೂಢಿ ಮಾಡ್ಕೊಳ್ರಿ, ಹತ್ತುವಾಗ ಚಲೋ ಕಾಲು ಮುಂದ, ಇಳಿಯುವಾಗ ಆಪರೇಷನ್ ಆದ ಕಾಲು ಮುಂದ.

ಮೀನಖಂಡ ಬಿಗಿದು ಬಾತ್ರ, ಒಮ್ಮಿಂದೊಮ್ಮೆಲೆ ಉಸಿರು ಕಟ್ಟಿದ್ರ, ಗಾಯದಿಂದ ನೀರು ಸೋರಿದ್ರ, ಜ್ವರ ಬಂದು ಮೊಣಕಾಲು ಕೆಂಪಾದ್ರ ಬೆಳಗಿನ ತನಕ ಕಾಯಬ್ಯಾಡ್ರಿ, ಊರಿನ ಆರ್‌ಎಂಪಿ ಕಡೆಯಿಂದ ಆಂಟಿಬಯೋಟಿಕ್ ತಗೊಂಡು ಸುಮ್ನ ಇರಬ್ಯಾಡ್ರಿ, 108ಕ್ಕ ಫೋನ್ ಹಚ್ಚಿ ರಾತ್ರ್ಯಾದ್ರೂ ದೊಡ್ಡಾಸ್ಪತ್ರಿಗೆ ಹೋಗ್ರಿ, ಆಪರೇಷನ್ ಮಾಡಿದ ಡಾಕ್ಟ್ರಿಗೂ ಸುದ್ದಿ ಮುಟ್ಟಸ್ರಿ.